ನಾಲ್ಕನೆಯ ವಿಷಯ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬಂಟ್ವಾಳ, ಬೆಳ್ತಂಗಡಿ ಕಡೆಯ ಮನೆಗಳಲ್ಲಿ ಮಾತೆಲ್ಲ ಒಂದೇ ದಾರಿ ಹಿಡಿಯುತ್ತದೆ. ಎಷ್ಟು ಬಂತು, ಮೂಡುಬಿದಿರೆಯಲ್ಲಿ ಸೀಟು ಸಿಕ್ಕೀತೇ, ಹಾಸ್ಟೆಲೋ ದಿನಾ ಬಸ್ಸೋ, ಪಿಸಿಎಂಬಿಯೋ ಪಿಸಿಎಂಸಿಯೋ. ಈ ಗದ್ದಲದ ನಡುವೆ ಯಾವುದೋ ಮನೆಯ ಹುಡುಗಿ ಸಣ್ಣ ದನಿಯಲ್ಲಿ ಕೇಳುತ್ತಾಳೆ: “ಮಾವ, ಸೈಕಾಲಜಿ ತೆಗೊಂಡ್ರೆ ಡಾಕ್ಟರ್ ಆಗ್ಲಿಕ್ಕೆ ಆಗ್ತದಾ?” ಮಾವ ಪೇಪರಿನಿಂದ ತಲೆ ಎತ್ತದೆ ಹೇಳುತ್ತಾರೆ: “ಇಲ್ಲ ಮಗಾ, ಅದು ಆರ್ಟ್ಸ್.” ಅಲ್ಲಿಗೆ ಮುಗಿಯಿತು. ಹುಡುಗಿ ಪಿಸಿಎಂಬಿಗೆ ಅರ್ಜಿ ತುಂಬುತ್ತಾಳೆ.

ನಿಯಮದ ಮಟ್ಟಿಗೆ ಮಾವ ಹೇಳಿದ್ದರಲ್ಲಿ ಸುಳ್ಳಿಲ್ಲ. ಎಂಬಿಬಿಎಸ್ ಸೀಟು ಸಿಗುವುದು ನೀಟ್ ಅಂಕದ ಮೇಲೆ. ಅಲ್ಲಿರುವ 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೆ 360, ಭೌತಶಾಸ್ತ್ರಕ್ಕೆ 180, ರಸಾಯನಶಾಸ್ತ್ರಕ್ಕೆ 180. ದ್ವಿತೀಯ ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 50 ಬೇಕು ಎನ್ನುವುದೂ ಈ ಮೂರೇ ವಿಷಯಗಳಲ್ಲಿ. ಮನಃಶಾಸ್ತ್ರದಲ್ಲಿ ನೂರಕ್ಕೆ ನೂರು ತೆಗೆದರೂ ವೈದ್ಯಕೀಯ ಪ್ರವೇಶದ ಲೆಕ್ಕದಲ್ಲಿ ಅದು ಸೊನ್ನೆ.

ಈ ಪ್ರಶ್ನೆ ನಮ್ಮ ಊರಿನದಷ್ಟೇ ಅಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಕ್ಕಳೂ ಇದನ್ನೇ ಕೇಳುತ್ತಾರೆ. ಅಲ್ಲಿ ಪದವಿ ಮುಗಿದ ಮೇಲೆ ವೈದ್ಯಕೀಯ ಕಾಲೇಜಿಗೆ ಅರ್ಜಿ. ಅರ್ಜಿಯಲ್ಲಿ ಜೀವ, ರಸಾಯನ, ಭೌತ, ಗಣಿತ ಈ ನಾಲ್ಕರ ಅಂಕಗಳನ್ನು ಒಂದು ಸರಾಸರಿಯಾಗಿ ತೆಗೆಯುತ್ತಾರೆ. ಮನಃಶಾಸ್ತ್ರವನ್ನು ‘ಉಳಿದವು’ ಎಂಬ ಇನ್ನೊಂದು ಸರಾಸರಿಗೆ ಸೇರಿಸುತ್ತಾರೆ. ಹೀಗೆ ಅಂಕಪಟ್ಟಿಯಲ್ಲಿ ಹೊರಗಿಟ್ಟವರು 2015ರಲ್ಲಿ ಪ್ರವೇಶ ಪರೀಕ್ಷೆಯನ್ನೇ ತಿದ್ದಿದರು. ಎಂಸಿಎಟಿ ಎಂಬ ಆ ಪರೀಕ್ಷೆಯ ನಾಲ್ಕು ಭಾಗಗಳಲ್ಲಿ ಒಂದನ್ನು ಪೂರ್ತಿಯಾಗಿ ಮನುಷ್ಯನ ವರ್ತನೆಯ ಮಾನಸಿಕ, ಸಾಮಾಜಿಕ, ಜೈವಿಕ ನೆಲೆಗಳಿಗೆ ಕೊಟ್ಟರು. ಉಳಿದ ಮೂರಕ್ಕೆ ಎಷ್ಟು ಅಂಕವೋ ಇದಕ್ಕೂ ಅಷ್ಟೇ. ಮನಃಶಾಸ್ತ್ರವನ್ನು ವಿಜ್ಞಾನದ ಸಾಲಿಗೆ ಸೇರಿಸಲು ಮನಸ್ಸಾಗದವರಿಗೂ ಅದನ್ನು ತಿಳಿಯದ ವೈದ್ಯ ಸಾಲದು ಎಂದು ಕಂಡಿತು.

ನಮ್ಮ ನೀಟ್ ನಿಯಮವನ್ನು ಜರೆಯಲು ನಾನು ಕೂತಿಲ್ಲ. ದೇಹಕ್ಕೆ ಔಷಧ ಕೊಡುವವನಿಗೆ ರಸಾಯನ ಗೊತ್ತಿರಲೇಬೇಕು, ರಕ್ತದ ಒತ್ತಡ ಅಳೆಯುವವನಿಗೆ ಭೌತಶಾಸ್ತ್ರ ಬೇಕು. 1910ರಲ್ಲಿ ಅಮೆರಿಕದ ವೈದ್ಯ ಶಾಲೆಗಳನ್ನು ಸುತ್ತಿ ನೋಡಿದ ಅಬ್ರಹಾಂ ಫ್ಲೆಕ್ಸ್‌ನರ್ ಈ ಮೂರು ವಿಷಯಗಳ ತಳಹದಿ ಇಲ್ಲದವರನ್ನು ಒಳಗೆ ಬಿಡಬೇಡಿ ಎಂದು ಬರೆದಾಗ, ಹಣ ತೆಗೆದುಕೊಂಡು ಡಿಗ್ರಿ ಕೊಡುತ್ತಿದ್ದ ಎಷ್ಟೋ ಅಂಗಡಿಗಳು ಮುಚ್ಚಿದವು. ಅದು ಲೋಕಕ್ಕೆ ಆದ ಉಪಕಾರವೇ. ಲಕ್ಷಾಂತರ ಮಕ್ಕಳಿಗೆ ಒಂದೇ ಅಳತೆ ಇಡಬೇಕಾದಾಗ ಮೂರು ವಿಷಯ ಎಂದು ಗೆರೆ ಎಳೆಯುವುದರಲ್ಲಿ ನ್ಯಾಯವೂ ಇದೆ.

ನನ್ನನ್ನು ಕಾಡುವುದು ಬೇರೆ. ಪಿಸಿಎಂಬಿಯ ‘ಎಂ’ ನೋಡಿ. ಗಣಿತಕ್ಕೂ ನೀಟ್‌ನಲ್ಲಿ ಒಂದೇ ಒಂದು ಅಂಕವಿಲ್ಲ. ವೈದ್ಯಕೀಯ ಪ್ರವೇಶಕ್ಕೆ ಗಣಿತ ಬೇಕೆಂಬ ನಿಯಮ ಎಲ್ಲೂ ಇಲ್ಲ. ಆದರೂ ಡಾಕ್ಟರ್ ಆಗಬೇಕೆಂಬ ಮಗು ಎರಡು ವರ್ಷ ಕ್ಯಾಲ್ಕುಲಸ್ ಮಾಡುವುದನ್ನು ಯಾರೂ ಪ್ರಶ್ನಿಸುವುದಿಲ್ಲ. “ಮೆಡಿಕಲ್ ಸಿಗದಿದ್ರೆ ಇಂಜಿನಿಯರಿಂಗ್ ಆದ್ರೂ ಆಯ್ತಲ್ಲ” ಎನ್ನುತ್ತೇವೆ. ಗಣಿತ ಅಷ್ಟು ಒಳ್ಳೆಯ ವಿದ್ಯೆ, ಅದನ್ನು ಕಲಿತು ಯಾರೂ ಕೆಟ್ಟಿಲ್ಲ. ಆದರೆ ಲೆಕ್ಕಕ್ಕೆ ಬಾರದ ಎರಡು ವಿಷಯಗಳಲ್ಲಿ ಒಂದನ್ನು ಕಣ್ಣಿಗೊತ್ತಿಕೊಂಡು, ಇನ್ನೊಂದರ ಹೆಸರು ಎತ್ತಿದ ಮಗುವಿಗೆ “ಮಾರ್ಕ್ ಕಡಿಮೆ ಬಂತಾ?” ಎಂದು ಕೇಳುತ್ತೇವಲ್ಲ, ಆ ತಾರತಮ್ಯವನ್ನು ನೀಟ್ ಕಲಿಸಿದ್ದಲ್ಲ. ಅದು ನಮ್ಮ ಜಗಲಿಯಲ್ಲೇ ಹುಟ್ಟಿದ್ದು.

ಮನಃಶಾಸ್ತ್ರ ಬೆಳೆದುಬಂದ ದಾರಿ ನೋಡಿದರೆ ಈ ತಾರತಮ್ಯಕ್ಕೆ ಆಧಾರವೇ ಸಿಗುವುದಿಲ್ಲ. 1879ರಲ್ಲಿ ಲೈಪ್‌ಜಿಗ್‌ನಲ್ಲಿ ಮೊದಲ ಮನಃಶಾಸ್ತ್ರ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್ ಓದಿದ್ದು ವೈದ್ಯಕೀಯ. ಅಮೆರಿಕದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ವಿಲಿಯಂ ಜೇಮ್ಸ್ ಹಾರ್ವರ್ಡಿನಿಂದ ಪಡೆದದ್ದು ಎಂಡಿ ಪದವಿ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ 1920ರ ದಶಕದಲ್ಲೇ ಮನಃಶಾಸ್ತ್ರ ವಿಭಾಗ ಕಟ್ಟಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಎಂಬ ಬಾನುಲಿ ಆರಂಭಿಸಿದವರು. ಇಂದಿಗೂ ನಮ್ಮ ಪಿಯುಸಿಯಲ್ಲಿ ಮನಃಶಾಸ್ತ್ರಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ಇತಿಹಾಸ, ಸಮಾಜಶಾಸ್ತ್ರದ ಜೊತೆ ಕೂರಿಸಿದ ಆ ವಿಷಯದ ಮಕ್ಕಳು ಲ್ಯಾಬ್ ರೆಕಾರ್ಡ್ ಬರೆಯುತ್ತಾರೆ, ಸರಾಸರಿ ತೆಗೆಯುತ್ತಾರೆ. ಪದವಿಗೆ ಬಂದರೆ ಒಂದು ಕಡೆ ಬಿಎ, ಇನ್ನೊಂದು ಕಡೆ ಬಿಎಸ್ಸಿ. ಎಂಎ ಮಾಡಿದವರಿಗೂ ಎಂಎಸ್ಸಿ ಮಾಡಿದವರಿಗೂ ಮುಂದಿನ ದಾರಿ ಒಂದೇ.

ಮನಃಶಾಸ್ತ್ರದ ಫಲಿತಾಂಶಗಳು ಗಟ್ಟಿಯಲ್ಲ ಎನ್ನುವವರಿದ್ದಾರೆ. ಮಾತು ಸತ್ಯ, ಮತ್ತು ಅದನ್ನು ಹೊರಗೆ ತಂದವರು ಮನಃಶಾಸ್ತ್ರಜ್ಞರೇ. 2015ರಲ್ಲಿ ನೂರಾರು ಸಂಶೋಧಕರು ಸೇರಿ ತಮ್ಮದೇ ಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೊದಲ ಸಲ ಬಹುತೇಕ ಎಲ್ಲವೂ ಗೆದ್ದಿದ್ದವು. ಎರಡನೇ ಸಲ ಗೆದ್ದದ್ದು ಶೇಕಡಾ 36ರಷ್ಟು ಮಾತ್ರ. ಅದನ್ನು ಮುಚ್ಚಿಡದೆ ‘ಸೈನ್ಸ್’ ಪತ್ರಿಕೆಯಲ್ಲೇ ಪ್ರಕಟಿಸಿದರು. ತನ್ನ ಲೆಕ್ಕವನ್ನು ತಾನೇ ತೆರೆದು, ತಪ್ಪಿದೆ ಎಂದು ಊರಿಗೆಲ್ಲ ಹೇಳುವ ಧೈರ್ಯವನ್ನು ನಾನು ವಿಜ್ಞಾನ ಎಂದೇ ಕರೆಯುತ್ತೇನೆ. ತಪ್ಪೇ ಮಾಡದ ಶಾಸ್ತ್ರವೊಂದಿದ್ದರೆ ಅದು ಬೇರೆ ಏನೋ ಇರಬೇಕು.

ಇಷ್ಟು ವಾದ ಸಾಕು. ವಿಟ್ಲದಿಂದ ಅಡ್ಯನಡ್ಕ ದಾಟಿ ಕಾಸರಗೋಡಿನ ಎಣ್ಮಕಜೆಯ ಕಡೆಗೆ ಹೋಗೋಣ. ಅಲ್ಲಿನ ವಾಣಿನಗರದಲ್ಲಿ 1982ರಲ್ಲಿ ಕ್ಲಿನಿಕ್ ತೆರೆದ ಡಾ. ವೈ.ಎಸ್. ಮೋಹನ್ ಕುಮಾರ್ ಹಳ್ಳಿಯ ಸಾದಾ ವೈದ್ಯರು. ತಮ್ಮ ಬಳಿಗೆ ಬರುವ ಮನೆಗಳಲ್ಲಿ ಮಾನಸಿಕ ಕಾಯಿಲೆ, ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವೈಕಲ್ಯ ಅತಿಯಾಗಿ ಕಾಣುತ್ತಿರುವುದು ಅವರ ಗಮನಕ್ಕೆ ಬಂತು. ಊರವರು ದೈವದ ಮುನಿಸು ಎಂದುಕೊಂಡಿದ್ದರು. ವೈದ್ಯರು ಬರೆದಿಡುತ್ತಾ, ಕೇಳುತ್ತಾ, ಒಂದು ಮನೆಯ ಕಥೆಯನ್ನು ಇನ್ನೊಂದರ ಪಕ್ಕದಲ್ಲಿಡುತ್ತಾ ಹೋದರು. ಪಡ್ರೆಯ ಪತ್ರಕರ್ತ ಶ್ರೀಪಡ್ರೆ ಅದಕ್ಕೆ ದನಿಯಾದರು. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಮಿಕ್ಕಿ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಕಡೆಗೆ ದೇಶ ಬೆರಳು ತೋರಿಸಿದ್ದು ಆಮೇಲೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ 13ರಂದು.

ಆ ವೈದ್ಯರಿಗೆ ರಸಾಯನ ಗೊತ್ತಿತ್ತು, ಜೀವಶಾಸ್ತ್ರ ಗೊತ್ತಿತ್ತು. ಆದರೆ ಅವೆರಡೂ ಕೆಲಸಕ್ಕೆ ಬರುವ ಮೊದಲು ಬೇಕಾಗಿದ್ದದ್ದು ರೋಗಿಯ ಮಾತು ಕೇಳುವ ತಾಳ್ಮೆ, ಒಬ್ಬ ತಾಯಿ ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಅವಳ ಬಾಯಿಂದ ಹೊರಡಿಸುವ ನಡೆ. ಬುದ್ಧಿ ಕೆಟ್ಟವರು ಎಂದು ಊರು ಬದಿಗಿಟ್ಟವರ ಮಾತಿಗೂ ಬೆಲೆ ಇದೆ ಎಂದು ಒಬ್ಬ ವೈದ್ಯ ನಂಬಿದ್ದರಿಂದ ಒಂದು ವಿಷ ಬೆಳಕಿಗೆ ಬಂತು.

ಇತ್ತ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಮುತ್ತಲೂ ಸರ್ಕಾರಿ ಗೇರು ನಿಗಮದ ತೋಟಗಳಿಗೆ ಇದೇ ವಿಷ ಆಕಾಶದಿಂದ ಬಿತ್ತು. ಕೊಕ್ಕಡದಲ್ಲಿ ಎಂಡೋ ಪೀಡಿತರ ಪಾಲನಾ ಕೇಂದ್ರವಿದೆ. ಆಗ ಮಕ್ಕಳಾಗಿದ್ದವರು ಈಗ ದೊಡ್ಡವರಾಗಿದ್ದಾರೆ, ಅವರನ್ನು ಎತ್ತಿ ಇಳಿಸುವ ಅಮ್ಮಂದಿರು ಮುದುಕಿಯರಾಗುತ್ತಿದ್ದಾರೆ. ‘ನಾನು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ’ ಎಂಬ ಒಂದೇ ಪ್ರಶ್ನೆಯೊಂದಿಗೆ ಮಲಗಿ ಅದರೊಂದಿಗೇ ಏಳುವ ತಾಯಿಗೆ ನಿದ್ರೆಯ ಮಾತ್ರೆ ಬರೆದುಕೊಟ್ಟರೆ ಚಿಕಿತ್ಸೆ ಆಯಿತೇ? ಅವಳ ಮುಂದೆ ಕೂತ ಎಳೆಯ ಡಾಕ್ಟರು ಏನು ಹೇಳಬೇಕು, ಏನು ಹೇಳಬಾರದು, ಎಷ್ಟು ಹೊತ್ತು ಸುಮ್ಮನಿರಬೇಕು? ಇದು ಒಳ್ಳೆಯತನವೊಂದರಿಂದಲೇ ಬರುವುದಿಲ್ಲ. ಕಲಿಯಬೇಕು, ಕಲಿಸಬೇಕು, ಕಲಿತದ್ದನ್ನು ಪರೀಕ್ಷಿಸಬೇಕು.

ಪಾಣೆಮಂಗಳೂರಿನಲ್ಲೋ ಬಿ.ಸಿ. ರೋಡಿನಲ್ಲೋ ಕ್ಲಿನಿಕ್ ಇಟ್ಟುಕೊಂಡ ಯಾರನ್ನಾದರೂ ಕೇಳಿ. ಬೀಡಿ ಕಟ್ಟುವ ಹೆಂಗಸು ತಲೆನೋವು, ಎದೆ ಉರಿ, ಮೈಕೈ ಸೆಳೆತ ಎಂದು ಬರುತ್ತಾಳೆ. ಪರೀಕ್ಷೆಯಲ್ಲೆಲ್ಲ ನಾರ್ಮಲ್. ನಾಲ್ಕನೇ ಸಲ ಬಂದಾಗ, ಅದೂ ಕೇಳಿದರೆ, ಬಾಯಿಬಿಡುತ್ತಾಳೆ: “ಮಂಡೆ ಬೆಚ್ಚ ಡಾಕ್ಟ್ರೇ.” ಗಂಡನ ಕುಡಿತ, ಗಲ್ಫಿಗೆ ಹೋದ ಮಗನ ಫೋನಿಲ್ಲ, ಸಂಘದ ಕಂತು. ಮೊದಲ ಸಲವೇ ಕೇಳಿದ್ದರೆ ಮೂರು ಸಲದ ಸ್ಕ್ಯಾನಿಂಗ್ ಹಣ ಅವಳ ಕೈಯಲ್ಲಿ ಉಳಿಯುತ್ತಿತ್ತು.

ವೈದ್ಯರಿಗೆ ಈ ವಿದ್ಯೆ ಬೇಕೆಂದು ನಮ್ಮ ರಾಜ್ಯಕ್ಕೆ ಗೊತ್ತಾಗಿ ಬಹಳ ಕಾಲವಾಯಿತು. ನಿಮ್ಹಾನ್ಸ್‌ನವರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ಮನೋರೋಗ ಗುರುತಿಸಲು ತರಬೇತಿ ಕೊಡಲು ಆರಂಭಿಸಿದರು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಹೆಮ್ಮೆಯ ಸಂಗತಿ. ಜೊತೆಗೆ ಇನ್ನೊಂದೂ ಕಾಣುತ್ತದೆ: ಐದೂವರೆ ವರ್ಷ ಓದಿ ಬಂದ ವೈದ್ಯರನ್ನು ಮತ್ತೆ ಕೂರಿಸಿ ಮನಸ್ಸಿನ ಪಾಠ ಹೇಳಬೇಕಾಯಿತು. ಇಂದಿಗೂ ಎಂಬಿಬಿಎಸ್‌ನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಪ್ರತ್ಯೇಕವಾಗಿ ಪಾಸಾಗಬೇಕಾದ ಪರೀಕ್ಷೆ ಇಲ್ಲ, ಅದು ಜನರಲ್ ಮೆಡಿಸಿನ್‌ನ ಒಂದು ತುಣುಕು. 2019ರ ಹೊಸ ಪಠ್ಯಕ್ರಮದಲ್ಲಿ ನಡತೆ, ನೀತಿ, ಸಂವಹನದ ಪಾಠಗಳು ಸೇರಿವೆ, ಸಂತೋಷ. ಆದರೆ ಬಾಗಿಲಲ್ಲಿ ಒಂದು ಅಂಕವೂ ಇಲ್ಲದ, ಒಳಗೆ ಒಂದು ಪೇಪರೂ ಇಲ್ಲದ ವಿಷಯವನ್ನು ಹದಿನೆಂಟರ ಹುಡುಗ ಎಷ್ಟು ಗಂಭೀರವಾಗಿ ತೆಗೆದುಕೊಂಡಾನು?

ಹಿಂದಿನವರು ಮನಸ್ಸನ್ನು ಬಿಟ್ಟಿರಲಿಲ್ಲ. ಚರಕಸಂಹಿತೆ ಚಿಕಿತ್ಸೆಯನ್ನು ಮೂರು ಬಗೆ ಮಾಡುವಾಗ ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯಗಳ ಪಕ್ಕದಲ್ಲೇ ಸತ್ತ್ವಾವಜಯವನ್ನು ಇಟ್ಟಿದೆ. ಮನಸ್ಸನ್ನು ಅಹಿತದಿಂದ ಹಿಂದೆಳೆಯುವ ಚಿಕಿತ್ಸೆ ಅದು. ಮೂಡುಬಿದಿರೆಯ ಆಯುರ್ವೇದ ಕಾಲೇಜಿನ ಮಕ್ಕಳು ಅದನ್ನು ಓದುತ್ತಾರೆ, ಆದರೆ ಅವರೂ ಒಳಬಂದದ್ದು ಅದೇ ನೀಟ್‌ನಿಂದ. ಬೆಂಗಳೂರಿನಲ್ಲಿ ವೈದ್ಯ ವೃತ್ತಿ ಮಾಡುತ್ತಾ ‘ಕೊರವಂಜಿ’ ಪತ್ರಿಕೆ ನಡೆಸಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಬಗ್ಗೆ ಕನ್ನಡದಲ್ಲಿ ಬರೆದ ‘ಮನ ಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಥ ಪುಸ್ತಕ ಬರೆಯಬೇಕಾದರೆ ವೈದ್ಯನಿಗೆ ತನ್ನ ರೋಗಿಗಳ ಮೇಲೆ ಎಂಥ ಪ್ರೀತಿ ಇರಬೇಕು!

ಮನಃಶಾಸ್ತ್ರವನ್ನು ಗೌರವಿಸುವುದೆಂದರೆ ಅದನ್ನು ಸುಲಭದ ದಾರಿ ಮಾಡಿಕೊಳ್ಳುವುದಲ್ಲ. ವಾರಗಳ ಲೆಕ್ಕದ ಕೋರ್ಸು ಮುಗಿಸಿ ಕೌನ್ಸೆಲರ್ ಎಂದು ಬೋರ್ಡು ಹಾಕುವವರು ನಮ್ಮ ಪೇಟೆಗಳಲ್ಲೂ ಕಾಣತೊಡಗಿದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಸ್ನಾತಕೋತ್ತರ ಪದವಿಯ ಮೇಲೆ ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿದ ತರಬೇತಿ ಬೇಕು, ನೋಂದಣಿ ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ಮಾನಸಿಕ ಆರೋಗ್ಯ ವೃತ್ತಿಪರರ ಸಾಲಿನಲ್ಲಿ ಹೆಸರಿಸಿ ಸೇರಿಸಿದೆ. ನೊಂದವರ ಮುಂದೆ ಅರೆಬರೆ ಕಲಿತು ಕೂರುವುದು ಅರೆಬರೆ ಕಲಿತು ಕತ್ತರಿ ಹಿಡಿಯುವಷ್ಟೇ ದೊಡ್ಡ ಪಾಪ. ವಿಜ್ಞಾನ ಎಂಬ ಹೆಸರು ಬೇಕಿದ್ದರೆ ವಿಜ್ಞಾನದ ಕಟ್ಟುನಿಟ್ಟನ್ನೂ ಹೊರಬೇಕು.

ಇನ್ನು ದಾರಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ಹನ್ನೆರಡನೇ ತರಗತಿ ಮುಗಿಸಿದ ಮೇಲೆ ಭೌತ, ರಸಾಯನ, ಜೀವಶಾಸ್ತ್ರ ಮತ್ತು ಇಂಗ್ಲಿಷನ್ನು ಮಾನ್ಯತೆ ಇರುವ ಮಂಡಳಿಯಿಂದ ಹೆಚ್ಚುವರಿ ವಿಷಯಗಳಾಗಿ ಓದಿ ಪಾಸಾದವರೂ ನೀಟ್ ಬರೆಯಬಹುದು. ಅಂದರೆ ಆರ್ಟ್ಸ್‌ನಲ್ಲಿ ಮನಃಶಾಸ್ತ್ರ ಓದಿದ ಹುಡುಗಿಗೂ ಬಾಗಿಲು ಮುಚ್ಚಿಲ್ಲ. ಬಹಳ ಕಷ್ಟದ ದಾರಿ, ಆದರೆ ಇದೆ. ಹದಿನೈದನೇ ವಯಸ್ಸಿನ ಆಯ್ಕೆಯೊಂದು ಬದುಕಿಡೀ ಬೇಲಿಯಾಗಬಾರದು ಎಂಬ ಆ ನಿಯಮದಲ್ಲಿ ಕರುಣೆಯಿದೆ. ಮನೆಗಳಲ್ಲಿ ಅದರ ಸುದ್ದಿ ಹೆಚ್ಚು ಹರಡಿಲ್ಲ.

ಅದಕ್ಕಿಂತ ಹತ್ತಿರದ ದಾರಿ ಪಿಸಿಎಂಬಿಯಲ್ಲಿ ಗಣಿತ ಕೂತಿರುವ ಆ ನಾಲ್ಕನೆಯ ಸ್ಥಾನ. ಸಿಬಿಎಸ್‌ಇಯಲ್ಲಿ ಭೌತ, ರಸಾಯನ, ಜೀವಶಾಸ್ತ್ರದ ಜೊತೆ ಮನಃಶಾಸ್ತ್ರ ಓದುವ ಮಕ್ಕಳು ಎಷ್ಟೋ ಜನ. ಅವರ ನೀಟ್‌ಗೆ ಅದು ಅಡ್ಡಿಯಾಗಿಲ್ಲ. ಇಂಜಿನಿಯರಿಂಗ್ ಬೇಡ, ವೈದ್ಯಕೀಯವೇ ಬೇಕು ಎಂದು ಗಟ್ಟಿಯಾಗಿ ಹೇಳುವ ನಮ್ಮ ಊರಿನ ಮಗುವಿಗೂ ಗಣಿತದ ಜಾಗದಲ್ಲಿ ಮನಃಶಾಸ್ತ್ರ ಓದುವ ಅವಕಾಶವನ್ನು ಮೂಡುಬಿದಿರೆಯ ದೊಡ್ಡ ಪಿಯು ಕಾಲೇಜುಗಳು ಮನಸ್ಸಿಟ್ಟರೆ ತೆರೆಯಬಹುದು. ಕಲಿಸುವವರನ್ನು ದೂರದಿಂದ ತರಬೇಕಾಗಿಲ್ಲ, ಉಜಿರೆಯ ಕಾಲೇಜಿನಲ್ಲಿ ಆ ವಿಭಾಗವಿದೆ. ತರಗತಿ ಆಗದಿದ್ದರೆ ವಾರಕ್ಕೊಂದು ಗಂಟೆ ಕೊಡಲಿ. ಮನೆ ಬಿಟ್ಟು ಬಂದು ಬೆಳಗಿನ ಐದಕ್ಕೆ ಎದ್ದು ರಾತ್ರಿ ಹನ್ನೊಂದರ ತನಕ ಓದುವ, ಲಾಂಗ್ ಟರ್ಮ್ ಕೋಚಿಂಗ್‌ನಲ್ಲಿ ಎರಡನೇ ಸಲ, ಮೂರನೇ ಸಲ ಅದೇ ಪರೀಕ್ಷೆಗೆ ಕೂರುವ ಆ ಮಕ್ಕಳಿಗೆ ಸೋಲು ಎಂದರೇನು, ಹೆದರಿಕೆ ಮೈಯಲ್ಲಿ ಏನು ಮಾಡುತ್ತದೆ, ನಿದ್ರೆ ಕೆಟ್ಟರೆ ನೆನಪು ಹೇಗೆ ಕೆಡುತ್ತದೆ ಎಂಬ ಪಾಠ ಮೊದಲು ತಮಗೇ ಬೇಕಾಗಿದೆ. ಮುಂದೆ ಅವರಲ್ಲಿ ಕೆಲವರು ಬಂಟ್ವಾಳದ ತಾಲೂಕು ಆಸ್ಪತ್ರೆಯಲ್ಲೋ ಕೊಕ್ಕಡದಲ್ಲೋ ಓಪಿಡಿಗೆ ಕೂರುವವರು.