ಬಣ್ಣಕ್ಕೆ ಸ್ವಭಾವ ಉಂಟೆ?

ತೈಲವರ್ಣ ಕಲಿಯಲು ಕೂತವರಿಗೆ ಆರಂಭದಲ್ಲಿ ಸಿಗುವ ಕೆಲಸಗಳಲ್ಲಿ ಅತ್ಯಂತ ನೀರಸವಾದದ್ದು ಬಣ್ಣದ ಮಿಶ್ರಣಪಟ್ಟಿ. ಕ್ಯಾನ್ವಾಸಿನ ಮೇಲೆ ಚೌಕದ ಮನೆಗಳನ್ನು ಹಾಕಿಕೊಂಡು, ಮೇಲಿನ ಸಾಲಿನಲ್ಲೂ ಎಡಗಡೆಯ ಸಾಲಿನಲ್ಲೂ ಕೈಯಲ್ಲಿರುವ ಟ್ಯೂಬುಗಳ ಬಣ್ಣಗಳನ್ನು ಬಳಿದು, ಎರಡು ಬಣ್ಣ ಸೇರುವ ಮನೆಯಲ್ಲಿ ಅವುಗಳ ಮಿಶ್ರಣವನ್ನು ತುಂಬಬೇಕು. 12 ಟ್ಯೂಬುಗಳಿದ್ದರೆ 66 ಜೋಡಿ. ಪ್ರತಿ ಜೋಡಿಗೂ ಬಿಳಿ ಬೆರೆಸುತ್ತ ಐದು ಮೆಟ್ಟಿಲು ಮಾಡಿದರೆ 330 ಮನೆ. ಇಷ್ಟು ಕಷ್ಟಪಡುವುದರ ಹಿಂದೆ ಒಂದು ನಂಬಿಕೆ ಇದೆ: ಪ್ರತಿ ಬಣ್ಣಕ್ಕೂ ತನ್ನದೇ ಆದ ಸ್ವಭಾವವಿದೆ, ಅದನ್ನು ಒಮ್ಮೆ ದಾಖಲಿಸಿಕೊಂಡರೆ ಆಯಿತು. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಪ್ರಾಮಾಣಿಕವಾಗಿ ಮಾಡಿದ ಮಿಶ್ರಣಪಟ್ಟಿ ಬಣ್ಣಕ್ಕೆ ಸ್ವಭಾವವಿಲ್ಲ ಎಂಬುದನ್ನೇ ಮನೆಮನೆಯಲ್ಲೂ ತೋರಿಸುತ್ತದೆ. ಮತ್ತು ಸ್ವಭಾವವಿಲ್ಲದಿರುವುದರಿಂದಲೇ ಆ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಈ ಮಾತನ್ನು ಪರೀಕ್ಷಿಸಲು ಜಪಾನಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕಲ್ಲು ಅರೆದು ಅಂಟಿನಲ್ಲಿ ಕಲಸುವ ಹಳೆಯ ಚಿತ್ರಪದ್ಧತಿಯೂ ಎಣ್ಣೆಯಲ್ಲಿ ಕಲಸುವ ಹೊಸ ಪದ್ಧತಿಯೂ ಅಲ್ಲಿ ಮುಖಾಮುಖಿ ನಿಂತವು, ಅದೂ ಯಾವುದಕ್ಕೂ ಸ್ವಭಾವವಿಲ್ಲ ಎಂಬ ಬೌದ್ಧರ ಶೂನ್ಯತೆಯ ವಿಚಾರ ನೂರಾರು ವರ್ಷ ಪಳಗಿದ ನೆಲದಲ್ಲಿ.

ಎಣ್ಣೆಬಣ್ಣವನ್ನು ಜಪಾನಿನ ಮೇಜಿ ಕಾಲದ ಸರ್ಕಾರ ಬರಮಾಡಿಕೊಂಡದ್ದು ಕಲೆಯೆಂದಲ್ಲ, ತಂತ್ರವೆಂದು. 1876ರಲ್ಲಿ ತೆರೆದ ಕೋಬು ಕಲಾಶಾಲೆ ಕೈಗಾರಿಕೆ ಮತ್ತು ಕಾಮಗಾರಿಗಳ ಸಚಿವಾಲಯದ ಅಡಿಯಲ್ಲಿತ್ತು. ಪಾಠ ಹೇಳಲು ಇಟಲಿಯಿಂದ ಆಂಟೋನಿಯೋ ಫೊಂಟನೇಸಿ ಬಂದ. 1883ರ ಹೊತ್ತಿಗೆ ಶಾಲೆ ಮುಚ್ಚಿತು. ಪ್ಯಾರಿಸಿನಲ್ಲಿ ರಫಾಯೆಲ್ ಕೊಲಾಂ ಬಳಿ ಕಲಿತ ಕುರೊಡಾ ಸೇಕಿ 1893ರಲ್ಲಿ ಊರಿಗೆ ಮರಳಿದ ಮೇಲೆ ಚಿತ್ರಕಾರರಲ್ಲಿ ಎರಡು ಪಂಗಡವಾಯಿತು. ಹಳಬರು ನೆರಳನ್ನು ಕಂದುಬಣ್ಣದಲ್ಲಿ ಬರೆಯುತ್ತಿದ್ದರು, ಕುರೊಡಾನ ಕಡೆಯವರು ನೇರಳೆಯಲ್ಲಿ. ಜನ ಮೊದಲಿನವರನ್ನು ರಾಳದ ಪಂಥವೆಂದೂ ಎರಡನೆಯವರನ್ನು ನೇರಳೆ ಪಂಥವೆಂದೂ ಛೇಡಿಸಿದರು. ಇದನ್ನು ರುಚಿಭೇದವೆಂದು ತಳ್ಳಿಹಾಕುವುದು ಸುಲಭ. ಆದರೆ ಇಬ್ಬರೂ ನೋಡಿದ್ದು ಅದೇ ಬಿಸಿಲನ್ನು, ಅದೇ ಮರಗಳ ನೆರಳನ್ನು. ನೆರಳಿಗೆ ತನ್ನದೇ ಬಣ್ಣವಿದ್ದಿದ್ದರೆ ಇಬ್ಬರಲ್ಲೊಬ್ಬರು ಸುಳ್ಳಾಗಬೇಕಿತ್ತು. ಸುತ್ತಲಿನ ಹಳದಿ ಬೆಳಕು ಎಷ್ಟು, ಪಕ್ಕದಲ್ಲಿ ಬಳಿದದ್ದು ಯಾವುದು ಎಂಬುದರ ಮೇಲೆ ಕಂದೂ ನಿಲ್ಲುತ್ತಿತ್ತು, ನೇರಳೆಯೂ ನಿಲ್ಲುತ್ತಿತ್ತು.

ಬಣ್ಣಗಳನ್ನು ಪಟ್ಟಿಗೆ ಇಳಿಸುವ ಕೆಲಸಕ್ಕೆ ಜಪಾನಿನಲ್ಲಿ ಬದುಕನ್ನೇ ತೆತ್ತವನು ವಾಡಾ ಸಾನ್‌ಜೋ (1883–1967). ಅವನೂ ಎಣ್ಣೆಬಣ್ಣದವನೇ, ಕುರೊಡಾ ಪಾಠ ಹೇಳುತ್ತಿದ್ದ ಟೋಕಿಯೊ ಕಲಾಶಾಲೆಯಲ್ಲಿ ಕಲಿತು, 1907ರಲ್ಲಿ ಸರ್ಕಾರ ಏರ್ಪಡಿಸಿದ ಮೊದಲ ಕಲಾಪ್ರದರ್ಶನದಲ್ಲಿ ‘ದಕ್ಷಿಣದ ಗಾಳಿ’ ಎಂಬ ಚಿತ್ರದಿಂದ ಹೆಸರಾದವನು. 1927ರಲ್ಲಿ ಬಣ್ಣಗಳ ಪ್ರಮಾಣೀಕರಣಕ್ಕೆಂದು ಒಂದು ಸಂಘ ಕಟ್ಟಿದ, ಮುಂದೆ ಅದು ಜಪಾನ್ ಬಣ್ಣ ಸಂಶೋಧನಾ ಸಂಸ್ಥೆಯಾಯಿತು. 1953ರ ‘ನರಕದ ಬಾಗಿಲು’ ಸಿನಿಮಾದ ಉಡುಪುವಿನ್ಯಾಸಕ್ಕೆ ಅವನಿಗೆ ಆಸ್ಕರ್ ಕೂಡ ಬಂತು. ನಮ್ಮ ವಿಚಾರಕ್ಕೆ ಮುಖ್ಯವಾದದ್ದು 1933ರಿಂದ ಹೊರಬಂದ ಅವನ ‘ಹಾಯ್‌ಶೊಕು ಸೋಕಾನ್’ ಎಂಬ ಆರು ಸಂಪುಟಗಳ ಕೃತಿ. ಅದರಿಂದ ಸಂಗ್ರಹಿಸಿದ 348 ಬಣ್ಣಜೋಡಣೆಗಳ ಕಿರುಪುಸ್ತಕವನ್ನು ಇಂದಿಗೂ ವಿನ್ಯಾಸಕಾರರು ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರೆ. ಪ್ರಮಾಣೀಕರಣದ ಹುಚ್ಚು ಹತ್ತಿದ್ದವನು ಒಂಟಿ ಬಣ್ಣಗಳ ಕೋಶ ಮಾಡಿ ಸುಮ್ಮನಾಗಬಹುದಿತ್ತು. ವಾಡಾ ಬಣ್ಣಗಳನ್ನು ಎರಡಾಗಿ, ಮೂರಾಗಿ, ನಾಲ್ಕಾಗಿ ಜೊತೆಯಲ್ಲಿಟ್ಟು ತೋರಿಸಿದ. ಒಂದು ಪುಟದಲ್ಲಿ ಮಂಕಾಗಿ ಕೂತ ಹಸಿರು ಇನ್ನೊಂದು ಪುಟದಲ್ಲಿ, ಕೆಂಪಿನ ಪಕ್ಕದಲ್ಲಿ, ಎದ್ದು ಕುಣಿಯುತ್ತದೆ. ವಾಡಾ ಇದನ್ನು ಬೌದ್ಧತತ್ತ್ವ ಹೇಳಲು ಮಾಡಿದ ಎನ್ನುತ್ತಿಲ್ಲ. ಅವನಿಗೆ ಬೇಕಿದ್ದದ್ದು ಬಟ್ಟೆಗೂ ವಸ್ತುಗಳಿಗೂ ಹೊಂದುವ ಬಣ್ಣ. ಆದರೂ ಪುಸ್ತಕದ ರಚನೆಯೇ ಒಂದು ನಿಲುವನ್ನು ಒಪ್ಪಿಕೊಂಡಿದೆ: ಬಣ್ಣ ಏನೆಂಬುದನ್ನು ಅದರ ಪಕ್ಕದ್ದು ತೀರ್ಮಾನಿಸುತ್ತದೆ.

ಆ ನಿಲುವಿಗೆ ತರ್ಕದ ಬಲ ಕೊಟ್ಟವನು ಬೌದ್ಧ ದಾರ್ಶನಿಕ ನಾಗಾರ್ಜುನ. ಮೂಲಮಧ್ಯಮಕಕಾರಿಕೆಯ 24ನೆಯ ಪ್ರಕರಣದಲ್ಲಿ ಎದುರಾಳಿ ಕೇಳುತ್ತಾನೆ: ಎಲ್ಲವೂ ಶೂನ್ಯವಾದರೆ ಹುಟ್ಟೂ ಇಲ್ಲ, ಅಳಿವೂ ಇಲ್ಲ, ಸಾಧನೆಯೂ ಇಲ್ಲವಲ್ಲ? ನಾಗಾರ್ಜುನ ಆ ಪ್ರಶ್ನೆಯನ್ನು ಅವನ ಕಡೆಗೇ ತಿರುಗಿಸುತ್ತಾನೆ. ವಸ್ತುವಿಗೆ ಸ್ವಭಾವವಿದೆ ಎಂದವನಿಗೇ ಇವೆಲ್ಲ ಅಸಾಧ್ಯವಾಗುವುದು, ಏಕೆಂದರೆ ಸ್ವಭಾವ ಎಂದರೆ ಬೇರೊಂದನ್ನು ನೆಚ್ಚದೆ ಇರುವುದು, ಬದಲಾಗದೆ ಇರುವುದು. ಪಟ್ಟಿಯ ಒಂದು ಮನೆಯನ್ನು ನೋಡೋಣ. ಐವರಿ ಬ್ಲ್ಯಾಕ್ ಎಂಬ ಕಪ್ಪನ್ನು ಕ್ಯಾಡ್ಮಿಯಂ ಹಳದಿಗೆ ಬೆರೆಸಿದರೆ ಆಲಿವ್ ಹಸಿರು ಬರುತ್ತದೆ. ನೀಲಿಯನ್ನು ಯಾರೂ ಹಾಕಿಲ್ಲ. ಕಪ್ಪಿನೊಳಗೆ ನೀಲಿ ಅಡಗಿತ್ತು ಎಂದು ಕೆಲವರು ಹೇಳುತ್ತಾರೆ. ಇದು ಸಾಂಖ್ಯರ ಸತ್ಕಾರ್ಯವಾದ, ಕಾರ್ಯ ಮೊದಲೇ ಕಾರಣದಲ್ಲಿದೆ ಎಂಬ ಮಾತು. ಆದರೆ ಅದೇ ಕಪ್ಪು ಕೆಂಪಿನೊಡನೆ ಕಂದಾಗುತ್ತದೆ, ಬಿಳಿಯೊಡನೆ ತಣ್ಣನೆಯ ಬೂದಿಯಾಗುತ್ತದೆ. ಇವೆಲ್ಲವೂ ಕಪ್ಪಿನೊಳಗೆ ಮೊದಲೇ ಅಡಗಿದ್ದವು ಎನ್ನುವುದಾದರೆ ‘ಕಪ್ಪಿನ ಸ್ವಭಾವ’ ಎಂಬ ಮಾತಿಗೆ ಏನು ಅರ್ಥ ಉಳಿಯಿತು? ಹಳದಿ ತನ್ನಿಂದ ತಾನೇ, ಎಂದೆಂದಿಗೂ ಹಳದಿಯಾಗಿದ್ದರೆ ಹಸಿರಿಗೆ ಅದು ಜಾಗ ಬಿಡುತ್ತಲೇ ಇರಲಿಲ್ಲ. ಮಿಶ್ರಣ ಸಾಧ್ಯವಾಗುವುದೇ ಬಣ್ಣಗಳು ನಿಸ್ಸ್ವಭಾವವಾಗಿರುವುದರಿಂದ.

ಇದಕ್ಕೆ ಬಲವಾದ ಆಕ್ಷೇಪ ನ್ಯಾಯ–ವೈಶೇಷಿಕರದು. ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕಕ್ಕೆ ಮೊದಲ ಪಾಠವಾದ ಅನ್ನಂಭಟ್ಟನ ತರ್ಕಸಂಗ್ರಹ ರೂಪವನ್ನು, ಎಂದರೆ ಬಣ್ಣವನ್ನು, ದ್ರವ್ಯದಲ್ಲಿ ನೆಲೆಸಿದ ಗುಣವೆನ್ನುತ್ತದೆ, ಬಿಳಿಯಿಂದ ಚಿತ್ರದವರೆಗೆ ಏಳು ಬಗೆ ಎಣಿಸುತ್ತದೆ. ಇಂದಿನ ರಸಾಯನಶಾಸ್ತ್ರ ಅವರ ಕಡೆಗೇ ಇದ್ದಂತೆ ಕಾಣುತ್ತದೆ: ಕ್ಯಾಡ್ಮಿಯಂ ಸಲ್ಫೈಡಿನ ರಚನೆ ಇಂಥದ್ದು, ಆದ್ದರಿಂದ ಅದು ಹಳದಿ. ಇಲ್ಲಿ ಜಪಾನಿನ ಹಳೆಯ ಪದ್ಧತಿಯನ್ನು ಸಾಕ್ಷಿಗೆ ಕರೆಯಬೇಕು. ನಿಹೊಂಗಾ ಎಂಬ ಆ ಪದ್ಧತಿಯ ಚಿತ್ರಕಾರರು ಅಜುರೈಟ್ ಎಂಬ ನೀಲಿ ಕಲ್ಲನ್ನು ಅರೆದು, ಕಣಗಳ ಗಾತ್ರದ ಪ್ರಕಾರ ಬೇರ್ಪಡಿಸಿ, ನಿಕಾವಾ ಎಂಬ ಪ್ರಾಣಿಜನ್ಯ ಅಂಟಿನಲ್ಲಿ ಕಲಸುತ್ತಾರೆ. ದಪ್ಪ ಕಣ ಗಾಢ ನೀಲಿ. ನುಣ್ಣಗೆ ಅರೆದಂತೆ ತಿಳಿಯಾಗುತ್ತ ಹೋಗಿ, ಅತಿ ನುಣುಪಾದದ್ದು ಹೆಚ್ಚುಕಡಿಮೆ ಬಿಳಿ. ರಾಸಾಯನಿಕವಾಗಿ ಎಲ್ಲವೂ ಒಂದೇ ಕಲ್ಲು. ಅದನ್ನೇ ಬಾಣಲೆಯಲ್ಲಿ ಹುರಿದರೆ ಕಪ್ಪಾಗುತ್ತ ಹೋಗುತ್ತದೆ, ಬೇಕಾದ ಕಡೆ ಇಳಿಸಿಕೊಳ್ಳುತ್ತಾರೆ. ಪಾಕದಿಂದ, ಎಂದರೆ ಬೆಂಕಿಯ ಕಾವಿನಿಂದ, ರೂಪ ಬದಲಾಗುತ್ತದೆಂದು ವೈಶೇಷಿಕರೇ ಒಪ್ಪಿದ್ದರು. ಆದರೆ ಬೆಂಕಿ ಮುಟ್ಟದೆ, ಬರಿಯ ಅರೆತದಿಂದ ಬದಲಾಗುವುದಕ್ಕೆ ಅವರ ಬಳಿ ನೇರ ಉತ್ತರ ಕಾಣುವುದಿಲ್ಲ. ಇನ್ನು ಅಳೆಯುವ ವಿಜ್ಞಾನ. 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಬಣ್ಣವನ್ನು ಅಂಕಿಗಳಲ್ಲಿ ಹೇಳುವ ಕ್ರಮ ರೂಪಿಸಿದಾಗ ವಸ್ತುವಿನ ಜೊತೆಗೆ ಬೆಳಕು ಯಾವುದು, ನೋಡುವ ಕಣ್ಣು ಯಾವುದು ಎಂಬುದನ್ನೂ ಗೊತ್ತುಮಾಡಬೇಕಾಯಿತು. ಹಗಲಲ್ಲಿ ಒಂದೇ ಆಗಿ ಕಾಣುವ ಎರಡು ಮಿಶ್ರಣಗಳು ದೀಪದ ಕೆಳಗೆ ಬೇರೆಬೇರೆಯಾಗುವುದುಂಟು. ಇಂದ್ರಿಯ, ವಿಷಯ, ವಿಜ್ಞಾನ (ಅರಿವು) ಮೂರೂ ಕೂಡಿದಾಗ ನೋಟ ಎಂದ ಬೌದ್ಧರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ಹಾಗಾದರೆ ಪಟ್ಟಿ ಯಾಕೆ, ಎಲ್ಲವೂ ಮಾಯೆ ಎಂದು ಕೈಬಿಡಬಹುದಲ್ಲ? ಶೂನ್ಯತೆಯನ್ನು ಏನೂ ಇಲ್ಲದಿರುವಿಕೆ ಎಂದು ತಪ್ಪು ತಿಳಿಯುವುದು ಹೀಗೆ. ಸ್ವಭಾವವಿಲ್ಲ ಎಂದರೆ ನಿಯಮವಿಲ್ಲ ಎಂದಲ್ಲ. ಅಲ್ಟ್ರಾಮರೀನಿಗೆ ಅಲಿಜರಿನ್ ಸೇರಿದರೆ ಶುದ್ಧ ನೇರಳೆ, ಕ್ಯಾಡ್ಮಿಯಂ ಕೆಂಪು ಸೇರಿದರೆ ಕೆಸರು. ಇಂದೂ ಹಾಗೆಯೇ, ನಾಳೆಯೂ ಹಾಗೆಯೇ. ಇಂಥ ಕಾರಣಗಳು ಕೂಡಿದರೆ ಇಂಥ ಫಲ ಎಂಬ ಈ ಕ್ರಮವೇ ವ್ಯವಹಾರಸತ್ಯ, ಅದನ್ನು ಬಿಟ್ಟು ಪರಮಾರ್ಥಕ್ಕೆ ದಾರಿಯಿಲ್ಲ ಎಂದು ನಾಗಾರ್ಜುನನೇ ಅದೇ ಪ್ರಕರಣದಲ್ಲಿ ಹೇಳುತ್ತಾನೆ. ಪಟ್ಟಿ ತಪ್ಪುವುದು ಅದನ್ನು ಬಣ್ಣಗಳ ಜಾತಕವೆಂದು ಓದಿದಾಗ. ಒಳ್ಳೆಯ ಪಟ್ಟಿಯಲ್ಲಿ ಯಾವ ಕಂಪನಿಯ ಟ್ಯೂಬು, ಯಾವ ಎಣ್ಣೆ, ಯಾವ ಪ್ರಮಾಣ, ಯಾವ ತಾರೀಖು ಎಂದೆಲ್ಲ ಬರೆದಿರುತ್ತಾರೆ. ಅಗಸೆ ಎಣ್ಣೆ ವರ್ಷಗಳು ಕಳೆದಂತೆ ಹಳದಿಗಟ್ಟುತ್ತದೆ, ಅಲಿಜರಿನ್ ಬೆಳಕಿಗೆ ಮಾಸುತ್ತದೆ. ಅನಿತ್ಯತೆಯನ್ನು ಹೇಳುವ ಪಟ್ಟಿ ತಾನೂ ಅನಿತ್ಯ, ಅದಕ್ಕೇ ತಾರೀಖು.

ಉಳಿದ ಆಕ್ಷೇಪ ಝೆನ್ ಕಡೆಯಿಂದ ಬರುವಂಥದ್ದು. ಸೆಶ್ಶೂನಂಥ ಭಿಕ್ಷು ಒಂದೇ ಮಸಿಯಲ್ಲಿ ಬೆಟ್ಟ ಕಣಿವೆಗಳನ್ನು ಮೂಡಿಸಿದ ನಾಡಿನಲ್ಲಿ 330 ಮನೆ ತುಂಬುವುದು ಗುಮಾಸ್ತನ ಕೆಲಸವಲ್ಲವೆ? ಅದು ಚಿತ್ರವೂ ಅಲ್ಲ, ಸಾಧನೆಯೂ ಅಲ್ಲ, ಬರಿಯ ಪೂರ್ವಸಿದ್ಧತೆ. ಈ ಆಕ್ಷೇಪಕ್ಕೆ ಝೆನ್ ಗುರು ದೋಗೆನ್ ಉತ್ತರ ಕೊಟ್ಟಿದ್ದಾನೆ ಎಂದು ನನಗನ್ನಿಸುತ್ತದೆ. ಚಿತ್ರದಲ್ಲಿ ಬರೆದ ಅಕ್ಕಿಕಡುಬು ಹಸಿವು ನೀಗಿಸದು ಎಂಬ ಹಳೆಯ ಝೆನ್ ಮಾತನ್ನು ಜನ ಶಾಸ್ತ್ರಪಾಂಡಿತ್ಯವನ್ನು ಹಳಿಯಲು ಬಳಸುತ್ತಿದ್ದರು. ದೋಗೆನ್ 1242ರಲ್ಲಿ ‘ಗಾಬ್ಯೋ’ ಎಂಬ ಬರಹದಲ್ಲಿ ಅದನ್ನು ಬುಡಮೇಲು ಮಾಡಿದ. ಕಡುಬನ್ನು ಚಿತ್ರಿಸುವ ಬಣ್ಣವೂ ಬೆಟ್ಟ ನೀರುಗಳನ್ನು ಚಿತ್ರಿಸುವ ಬಣ್ಣವೂ ಬೇರೆಯಲ್ಲ. ಇಡೀ ಲೋಕವೇ ಚಿತ್ರವಾಗಿರುವಾಗ, ಚಿತ್ರದ ಕಡುಬಲ್ಲದೆ ಹಸಿವಿಗೆ ಬೇರೆ ಮದ್ದಿಲ್ಲ ಎಂಬ ಕಡೆಗೆ ಅವನ ವಾದ ಹೋಗುತ್ತದೆ. ನಿಜವಾದದ್ದು ಒಂದು, ಅದರ ನಕಲು ಇನ್ನೊಂದು ಎಂಬ ಭೇದವನ್ನೇ ಅವನು ಒಪ್ಪುವುದಿಲ್ಲ. ಹಾಗಿದ್ದ ಮೇಲೆ ಚಿತ್ರ ನಿಜ, ಪಟ್ಟಿ ಅದರ ತಯಾರಿ ಎಂಬ ಭೇದವನ್ನು ನಾವೇಕೆ ಒಪ್ಪಬೇಕು? ಸೆಶ್ಶೂ ಕೂಡ ಮಸಿಗೆ ನೀರು ಬೆರೆಸುತ್ತ ಕಪ್ಪಿನ ಮೆಟ್ಟಿಲುಗಳನ್ನು ಕೈಗೆ ಕಲಿಸಿಕೊಂಡಿರಲೇಬೇಕು, ಹಾಳೆಯ ಬಿಳಿಯಿಲ್ಲದೆ ಅವನ ಕಪ್ಪೂ ನಿಲ್ಲುತ್ತಿರಲಿಲ್ಲ. ಪಟ್ಟಿ ಮಾಡುವವರು ಪ್ಯಾಲೆಟ್ ಚಾಕುವನ್ನು ಪ್ರತಿ ಮನೆಗೂ ಒರೆಸಿ, ಇದು ಹಳದಿ ಎಂದುಕೊಂಡದ್ದನ್ನು ಪ್ರತಿ ಮನೆಯಲ್ಲೂ ತಿದ್ದಿಕೊಳ್ಳುತ್ತಾರೆ. ಇಷ್ಟು ಸಲ ತಿದ್ದಿಕೊಳ್ಳುವುದನ್ನು ಸಾಧನೆಯಲ್ಲ ಎನ್ನುವವರು, ಸಾಧನೆ ಎಂದರೆ ಇದಕ್ಕಿಂತ ಬೇರೆ ಏನು ಎಂದು ಮೊದಲು ಹೇಳಬೇಕಾಗುತ್ತದೆ.