ಯಾವ ಕಥೆಗೆ ಟಿಕೆಟ್ ಹರಿಯಬಹುದು?

ಕನ್ನಡ ಸಿನಿಮಾ ದೇಶದ ಉದ್ದಗಲಕ್ಕೂ ಓಡತೊಡಗಿದ ಮೇಲೆ ಅಭಿಮಾನಿಗಳ ಹರಟೆಗೆ ಹೊಸದೊಂದು ವಿಷಯ ಸಿಕ್ಕಿದೆ. ಹ್ಯಾರಿ ಪಾಟರ್‌ಗೆ ಅಮೆರಿಕದ ಒರ್ಲಾಂಡೊದಲ್ಲಿ 2010ರಿಂದ ಒಂದು ಲೋಕವೇ ಇದೆ, ನಮ್ಮ ಕೆಜಿಎಫ್‌ಗೆ ಯಾಕಿಲ್ಲ, ಕಾಂತಾರಕ್ಕೆ ಯಾಕಿಲ್ಲ? ಒಬ್ಬರಿಗೆ ಕೆಜಿಎಫ್‌ನ ನರಾಚಿಯ ಗಣಿಯೊಳಕ್ಕೆ ಇಳಿಸುವ ರೈಡ್ ಬೇಕು. ಇನ್ನೊಬ್ಬರಿಗೆ ಕತ್ತಲ ಕಾಡಿನಲ್ಲಿ ಬಂಡಿ ಸಾಗುವಾಗ ಕಾಂತಾರದಲ್ಲಿ ಕಂಡ ತುಳುನಾಡಿನ ಪಂಜುರ್ಲಿ ದೈವ ಎದುರಾಗಬೇಕು, ಗುಳಿಗ ದೈವದ ಆರ್ಭಟಕ್ಕೆ ಎದೆ ನಡುಗಬೇಕು. ಉತ್ತರ ಬೆಂಗಳೂರಿನಲ್ಲಿ ನಿಂತು ನೋಡಿದರೆ ಇದು ಬರೀ ಕನಸಿನ ಮಾತಲ್ಲ. ಹೆಬ್ಬಾಳ, ಯಲಹಂಕ ದಾಟಿ ವಿಮಾನ ನಿಲ್ದಾಣ ಮುಟ್ಟಿದರೆ 2022ರ ನವೆಂಬರ್ 11ರಂದು ಅನಾವರಣಗೊಂಡ 108 ಅಡಿಯ ಕೆಂಪೇಗೌಡರ ಪ್ರತಿಮೆ ಕಾಣುತ್ತದೆ. ಅದರ ಸುತ್ತ 23 ಎಕರೆಯ ಥೀಮ್ ಪಾರ್ಕ್ ಯೋಜನೆ. ಅದೇ ದಿಕ್ಕಿನಲ್ಲಿ ಮುಂದೆ ಹೋದರೆ ಚಿಕ್ಕಬಳ್ಳಾಪುರದ ಬಳಿ 2023ರ ಜನವರಿಯಿಂದ 112 ಅಡಿಯ ಆದಿಯೋಗಿ ಇದ್ದಾನೆ. ಯಶವಂತಪುರಕ್ಕೆ ಹತ್ತಿರದ ಹರೇಕೃಷ್ಣ ಗುಡ್ಡದಲ್ಲಿ 1997ರಿಂದ ದೇವಸ್ಥಾನ ನಡೆಸುತ್ತಿರುವ ಇಸ್ಕಾನ್, ಕನಕಪುರ ರಸ್ತೆಯ ಕಡೆ ಕೃಷ್ಣಲೀಲಾ ಥೀಮ್ ಪಾರ್ಕಿನ ಯೋಜನೆ ಹಾಕಿಕೊಂಡಿದೆ. ಹೀಗೆ ಇತಿಹಾಸ, ಪುರಾಣ, ಯೋಗ ಎಲ್ಲವೂ ಹೋಗಿ ನೋಡಿ ಬರುವ ತಾಣಗಳಾಗುತ್ತಿರುವಾಗ ದೈವದ ಸರದಿಯೂ ಬಂದೀತು. ಬರುವ ಮೊದಲೇ ಯಾವ ಕಥೆ ಪಾರ್ಕಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಯೋಚಿಸುವುದು ಒಳ್ಳೆಯದು. ಕಥೆ ಎಷ್ಟು ಜನಪ್ರಿಯ, ಎಷ್ಟು ರೋಚಕ ಎಂಬುದು ಇಲ್ಲಿ ಅಳತೆಯಾಗಲಾರದು. ಆ ಕಥೆಗೆ ಇವತ್ತಿಗೂ ಕಟ್ಟುಬಿದ್ದು ಬದುಕುತ್ತಿರುವವರು ಇದ್ದಾರೆಯೇ ಎಂಬುದೇ ಅಳತೆ ಎಂದು ನಾನು ವಾದಿಸುತ್ತೇನೆ.

ಥೀಮ್ ಪಾರ್ಕ್ ಎಂದರೇನು ಎಂಬುದನ್ನು ಮೊದಲು ನೋಡೋಣ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಈಗಿನ ರೂಪ ಪಡೆದ ಈ ಕಲೆಗೆ ಎರಡು ನಿಯಮಗಳಿವೆ. ಟಿಕೆಟ್ ಕೊಂಡ ಪ್ರತಿಯೊಬ್ಬರಿಗೂ, ಯಾವ ದಿನ ಬಂದರೂ, ಒಂದೇ ಅನುಭವ ಸಿಗಬೇಕು. ಬಂದವನು ಹೊರಗೆ ನಿಂತು ನೋಡದೆ ಕಥೆಯ ಒಳಗೆ ಒಂದು ಪಾತ್ರವಾಗಬೇಕು. ಅಲ್ಲಿನ ಕಡಲ್ಗಳ್ಳರ ರೈಡ್ ಶುರುವಾದದ್ದು 1967ರಲ್ಲಿ. ಅದರಿಂದ ಸಿನಿಮಾ ಹುಟ್ಟಿದ್ದು 2003ರಲ್ಲಿ. ಕಥೆಗಿಂತ ಮೊದಲು ಆಟವೇ ಬಂದರೂ ಯಾರಿಗೂ ಏನೂ ಅನಿಸಲಿಲ್ಲ, ಏಕೆಂದರೆ ಆ ಕಡಲ್ಗಳ್ಳರಿಗೆ ಯಾರೂ ಹರಕೆ ಹೊತ್ತಿರಲಿಲ್ಲ. ಒರ್ಲಾಂಡೊಗೆ ಹೋದ ಮಗು ಹಾಗ್ವಾರ್ಟ್ಸ್‌ನ ನಿಲುವಂಗಿ ತೊಟ್ಟು ಮಂತ್ರದಂಡ ಬೀಸಿದರೆ ಅದು ನಿಷ್ಕಲ್ಮಶವಾದ ಸಂತೋಷ. ಹ್ಯಾರಿಯ ಗುರು ಡಂಬಲ್‌ಡೋರ್‌ನ ಮುಂದೆ ಯಾರೂ ಮನೆಯ ಪಾಲುಪಟ್ಟಿಯ ತಕರಾರು ಇಟ್ಟಿಲ್ಲ, ಅವನ ಹೆಸರಿನಲ್ಲಿ ಆಣೆ ಹಾಕಿ ಸಾಲ ತೀರಿಸಿಲ್ಲ. ಕಥೆ ಪುಸ್ತಕದಲ್ಲಿ ಹುಟ್ಟಿ ಪುಸ್ತಕದಲ್ಲೇ ಮುಗಿದಿದೆ. ಉಳಿದದ್ದೆಲ್ಲ ಓದುಗನ ಪ್ರೀತಿ.

ದೈವದ ವಿಷಯ ಹಾಗಲ್ಲ. ಯಶವಂತಪುರದಿಂದ ಮಂಗಳೂರಿಗೆ ಹೊರಡುವ ರೈಲಿನಲ್ಲಿ ಊರಿನ ದೈವದ ಕೋಲಕ್ಕೆ, ನೇಮಕ್ಕೆ ಹೋಗುವ ಕುಟುಂಬಗಳು ಇದ್ದೇ ಇರುತ್ತವೆ. ಬೆಂಗಳೂರಿನಲ್ಲಿ ಬ್ಯಾಂಕು, ಹೋಟೆಲು, ಸಾಫ್ಟ್‌ವೇರ್ ಎಂದು ಎಷ್ಟೇ ವರ್ಷ ಕಳೆದರೂ ಅವರು ತಮ್ಮ ತರವಾಡಿನ ದೈವಕ್ಕೆ ಲೆಕ್ಕ ಒಪ್ಪಿಸಬೇಕಾದವರು. ಅಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಪಾರ್ಕಿನ ಎರಡೂ ನಿಯಮಗಳು ಮುರಿದುಬೀಳುವುದು ಕಾಣುತ್ತದೆ. ಪಂಬದ, ನಲಿಕೆ, ಪರವ ಸಮುದಾಯದ ವ್ಯಕ್ತಿಯೊಬ್ಬ ವ್ರತದಲ್ಲಿದ್ದು, ಎಣ್ಣೆಬೂಳ್ಯ ಪಡೆದು, ಮುಖಕ್ಕೆ ಅರದಾಳದ ಹಳದಿ ಬಳಿದುಕೊಂಡು, ತೆಂಗಿನ ಎಳೆಗರಿಯ ಸಿರಿ ಉಟ್ಟು ಕಾಲಿಗೆ ಗಗ್ಗರ ಕಟ್ಟುತ್ತಾನೆ. ಪಾಡ್ದನವೆಂಬ ಹಾಡು ದೈವದ ಹುಟ್ಟು, ಬಂದ ದಾರಿ, ನೆಲೆಯೂರಿದ ಜಾಗ ಎಲ್ಲವನ್ನೂ ಹೇಳುತ್ತದೆ. ಆವೇಶ ಬಂದ ಮೇಲೆ ಗುತ್ತುಮನೆಯ ಯಜಮಾನ ಕೈಮುಗಿದು ನಿಲ್ಲುತ್ತಾನೆ. ಉಳಿದ ದಿನಗಳಲ್ಲಿ ಅಂಗಳದಾಚೆಯೇ ನಿಲ್ಲಬೇಕಾಗಿದ್ದ ಸಮುದಾಯದವನ ಬಾಯಿಂದ ಬರುವ ನುಡಿಗೆ ಆ ರಾತ್ರಿ ಯಜಮಾನನೂ ತಲೆಬಾಗಬೇಕು. ದೈವ ಕೇಳುತ್ತದೆ, ಗದರುತ್ತದೆ, ಮಾತು ತಪ್ಪಿದ್ದನ್ನು ನೆನಪಿಸುತ್ತದೆ. ಎಲ್ಲರಿಗೂ ಒಂದೇ ಮಾತು ಹೇಳುವುದಿಲ್ಲ. ಸುಮ್ಮನೆ ನೋಡಲು ಬಂದವನು ಇರಬಹುದು, ಆದರೆ ಆ ರಾತ್ರಿ ನಡೆಯುತ್ತಿರುವುದು ಅವನಿಗಾಗಿ ಅಲ್ಲ. ಇನ್ನೂ ಒಂದು ಸಂಗತಿ: ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಪತ್ತನಾಜೆ ಬರುತ್ತದೆ. ಆಮೇಲೆ ಮಳೆಗಾಲವಿಡೀ ಗಗ್ಗರದ ಸದ್ದಿಲ್ಲ. ವರ್ಷಪೂರ್ತಿ ಬಾಗಿಲು ತೆರೆದಿಡುವ ಪಾರ್ಕಿಗೆ ಪತ್ತನಾಜೆಯನ್ನು ಪಾಲಿಸುವುದು ಹೇಗೆ ಸಾಧ್ಯ?

ಪವಿತ್ರವಾದದ್ದನ್ನು ವೇಳಾಪಟ್ಟಿಗೆ ಹೊಂದಿಸಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಉದಾಹರಣೆಗಳಿವೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ತಿಯೆರ್ರಾ ಸಾಂತಾ ಎಂಬ ಧಾರ್ಮಿಕ ಪಾರ್ಕ್ ಇದೆ. ಅಲ್ಲಿ ಕೃತಕ ಬೆಟ್ಟದೊಳಗಿಂದ ಏಸುವಿನ ಬೃಹತ್ ಪ್ರತಿಮೆಯೊಂದು ಯಂತ್ರದ ಬಲದಿಂದ ಮೇಲೇಳುತ್ತದೆ, ಸಂಗೀತ ಮೊಳಗುತ್ತದೆ, ಮತ್ತೆ ಕೆಳಗಿಳಿಯುತ್ತದೆ. ದಿನಕ್ಕೆ ಹಲವು ಬಾರಿ. ಭಕ್ತರು ಅದನ್ನು ನೋಡಿ ಕಣ್ಣೀರು ಹಾಕಬಹುದು, ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಆದರೆ ಕ್ರೈಸ್ತರಿಗೆ ಪುನರುತ್ಥಾನ ಒಮ್ಮೆ ಮಾತ್ರ ನಡೆದ ಘಟನೆ, ನಂಬಿಕೆಯ ಬುಡ. ಅದು ಗಂಟೆ ಹೊಡೆದಾಗ ನಡೆಯುವ ಪ್ರದರ್ಶನವಾದರೆ ನೆನಪಿನಲ್ಲಿ ಉಳಿಯುವುದು ಯಂತ್ರದ ಚಾಕಚಕ್ಯತೆ. ಒರ್ಲಾಂಡೊದ ಡಿಸ್ನಿ ಪಾರ್ಕಿನಲ್ಲಿ 2006ರಿಂದ ಓಡುತ್ತಿರುವ ಎವರೆಸ್ಟ್ ರೈಡಿನ ಸರತಿ ಸಾಲು ಹಿಮಾಲಯದ ಗುಡಿಗಳ ಮಾದರಿಯ ನಡುವೆ ಸಾಗುತ್ತದೆ. ಅಲ್ಲಿ ಗುಡಿ ಇರುವುದು ಕಾಯುವವರ ಬೇಸರ ಕಳೆಯಲು. ಪಂಜುರ್ಲಿಗೂ ಅದೇ ಸ್ಥಾನ ಸಿಗುತ್ತದೆ, ಕಟ್ಟುವವರ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ಕಾಂತಾರ ಈ ಗೆರೆಯನ್ನು ಆಗಲೇ ದಾಟಿದೆಯಲ್ಲ, ಟಿಕೆಟ್ ಕೊಂಡು ದಿನಕ್ಕೆ ಹಲವು ಆಟ ನೋಡಿದೆವಲ್ಲ? ಯಕ್ಷಗಾನದಲ್ಲಿ ದೇವಿಯೂ ವೇಷವಾಗಿ ಬರುತ್ತಾಳಲ್ಲ? ಯಕ್ಷಗಾನದ ಉತ್ತರ ಸುಲಭ. ಕಟೀಲು ಮೇಳದ ಆಟವನ್ನು ಜನ ಹರಕೆಯಾಗಿ ಆಡಿಸುತ್ತಾರೆ, ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ವೇಷ ಹೊರಡುವುದಿಲ್ಲ. ಹಾಗಿದ್ದರೂ ಬೆಳಗಿನ ಮಂಗಳ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಹೋಗುವವನು ಕಲಾವಿದ ಎಂಬುದು ನೋಡುವ ಮಗುವಿಗೂ ಗೊತ್ತು. ಸಿನಿಮಾದ್ದು ಅಷ್ಟು ಸುಲಭವಲ್ಲ. ಅದು ಗೆರೆಯ ಅಂಚಿನಲ್ಲೇ ನಿಂತಿದೆ. ಆದರೂ ಅದು ಒಂದು ಊರಿನ, ಒಂದು ನೆಲದ ಜಗಳದ ಕಥೆಯನ್ನು ಹೇಳಿ ಮುಗಿಸುತ್ತದೆ, ಪ್ರೇಕ್ಷಕನನ್ನು ಕುರ್ಚಿಯಲ್ಲೇ ಕೂರಿಸಿ ಕಳಿಸುತ್ತದೆ. ಅಷ್ಟಾದರೂ ಆದದ್ದೇನು? ಜನ ದೈವದ ಕೂಗನ್ನು ಅಣಕಿಸಿ ರೀಲ್ಸ್ ಮಾಡತೊಡಗಿದಾಗ ಹಾಗೆ ಮಾಡಬೇಡಿ ಎಂದು ಚಿತ್ರದ ನಿರ್ದೇಶಕ ರಿಷಬ್ ಶೆಟ್ಟಿಯವರೇ ಕೇಳಿಕೊಳ್ಳಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ಕಾಂತಾರ ಚಾಪ್ಟರ್ 1 ಬಂದಾಗ ಕೆಲವರು ದೈವದ ವೇಷದಲ್ಲೇ ಚಿತ್ರಮಂದಿರಗಳಿಗೆ ಬಂದರು. ಹಾಗೆ ಬರಬೇಡಿ ಎಂದು ಚಿತ್ರ ನಿರ್ಮಿಸಿದ ಹೊಂಬಾಳೆ ಫಿಲಂಸ್ ಬಹಿರಂಗವಾಗಿ ಮನವಿ ಮಾಡಬೇಕಾಯಿತು. ಬರೀ ನೋಡುವ ಮಾಧ್ಯಮದಲ್ಲೇ ಹೀಗಾದರೆ, ಬಂದವನಿಗೆ ವೇಷ ತೊಡಿಸುವುದೇ ಕಸುಬಾಗಿರುವ ಪಾರ್ಕಿನಲ್ಲಿ ಆ ಮನವಿಗೆ ಅರ್ಥವೇ ಉಳಿಯುವುದಿಲ್ಲ. ಅಲ್ಲಿ ಅಣಕವೇ ವ್ಯಾಪಾರ.

ಹಾಗಾದರೆ ಕೃಷ್ಣನ ಪಾರ್ಕೂ ತಪ್ಪೇ ಎಂದು ಕೇಳಬಹುದು. ತಪ್ಪೆಂದು ನನಗೆ ಅನಿಸುವುದಿಲ್ಲ. ಬೆಣ್ಣೆ ಕದ್ದದ್ದು, ಕಾಳಿಂಗನ ಹೆಡೆ ಮೆಟ್ಟಿದ್ದು, ಬೆಟ್ಟ ಎತ್ತಿದ್ದು ಇವೆಲ್ಲ ಹರಿಕಥೆಯಲ್ಲಿ, ಗೊಂಬೆಯಾಟದಲ್ಲಿ, ಅಷ್ಟಮಿಯ ದಿನ ಮಕ್ಕಳಿಗೆ ಹಾಕುವ ವೇಷದಲ್ಲಿ ಶತಮಾನಗಳಿಂದ ಎಲ್ಲರ ಸೊತ್ತಾಗಿವೆ. ಮಗುವಿಗೆ ನವಿಲುಗರಿ ಮುಡಿಸಿದರೆ ಯಾರ ವ್ರತವೂ ಕೆಡುವುದಿಲ್ಲ. ಭಕ್ತಿಯೇ ಆ ಕಥೆಗಳನ್ನು ಆಟಕ್ಕೆ ಬಿಟ್ಟುಕೊಟ್ಟಿದೆ. ಆದರೆ ಕೃಷ್ಣನೂ ಇರುವ ಮಹಾಭಾರತ ಬೆಂಗಳೂರಿನಲ್ಲೇ ಇನ್ನೊಂದು ರೂಪದಲ್ಲಿ ಬದುಕಿದೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ದ್ರೌಪದಿಯ ಕರಗ ಹೊರಡುತ್ತದೆ. ಹೊರುವವನು ತಿಗಳ ಸಮುದಾಯದವನೇ ಆಗಿರಬೇಕು, ವ್ರತ ನಡೆಸಿರಬೇಕು. ಕತ್ತಿ ಹಿಡಿದ ವೀರಕುಮಾರರು ಸುತ್ತ ಇರುತ್ತಾರೆ. ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗಿಯೇ ಕರಗ ಮುಂದೆ ಸಾಗುತ್ತದೆ. ಕುರುಕ್ಷೇತ್ರದ ಯುದ್ಧವನ್ನು ರೈಡ್ ಮಾಡಿ, ಚಕ್ರವ್ಯೂಹದಲ್ಲಿ ಮಕ್ಕಳನ್ನು ಸುತ್ತಿಸಿ, ಒಳ್ಳೆಯದೇ. ಕರಗವನ್ನು ತಲೆಯ ಮೇಲಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುವ ಮಂಟಪ ಕಟ್ಟಬೇಡಿ. ಎರಡೂ ಒಂದೇ ಮಹಾಕಾವ್ಯದಿಂದ ಬಂದವು. ಒಂದರಲ್ಲಿ ಕೇಳುವವರು ಮಾತ್ರ ಇದ್ದಾರೆ, ಇನ್ನೊಂದರಲ್ಲಿ ಹೊರುವವರು ಇದ್ದಾರೆ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ನಮ್ಮದೇ ಶರಣ ಪರಂಪರೆಯ ಕಡೆಯಿಂದ ಬರುತ್ತದೆ. ಕಟ್ಟಿದ ಗುಡಿಗೇ ಸೊಪ್ಪು ಹಾಕದ ಚಿಂತನೆ ಅದು. ನಿಜವಾದ ದೈವಕ್ಕೆ ರೈಡಿನಿಂದ ಅವಮಾನವಾಗುತ್ತದೆಯೇ, ಆಗುವಂಥದ್ದಾದರೆ ಅದು ದೈವವೇ ಎಂದು ಆ ದಾರಿಯವರು ಕೇಳಬಹುದು. ಒಪ್ಪುತ್ತೇನೆ, ದೈವಕ್ಕೆ ಏನೂ ಆಗುವುದಿಲ್ಲ. ಆಗುವುದು ಮನುಷ್ಯರಿಗೆ. ದೈವದ ಎದುರು ಸುಳ್ಳು ಹೇಳಲು ಅಂಜುವವನ ಅಂಜಿಕೆಗೆ ಒಂದು ನೈತಿಕ ಬೆಲೆ ಇದೆ. ಅದೇ ಕೂಗನ್ನು ಪಾಪ್‌ಕಾರ್ನ್ ಹಿಡಿದು ಹತ್ತು ನಿಮಿಷಕ್ಕೊಮ್ಮೆ ಕೇಳಿ ಬೆಳೆದ ಮಗುವಿಗೆ ಅದು ಸ್ಪೀಕರಿನ ಸದ್ದು. ನ್ಯಾಯದ ಪ್ರಶ್ನೆಯೂ ಇದೆ. ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ಕರ್ನಾಟಕ ಸರ್ಕಾರ ಹೇಳಿದ್ದು 2022ರ ಅಕ್ಟೋಬರ್‌ನಲ್ಲಿ, ಒಂದು ಸಿನಿಮಾ ಗೆದ್ದ ಮೇಲೆ. ತಲೆಮಾರುಗಳಿಂದ ಈ ಭಾರ ಹೊತ್ತವರಿಗೆ ಸಿಕ್ಕಿದ್ದು ಅಷ್ಟು. ಅವರ ವ್ರತದ ಹೊರರೂಪವನ್ನು ಮಾತ್ರ ತೆಗೆದುಕೊಂಡು ಬೇರೆಯವರು ಗೇಟಿನಲ್ಲಿ ದುಡ್ಡು ಎಣಿಸುವುದು, ಆ ಒಂದು ರಾತ್ರಿಯ ತಲೆಕೆಳಗಾದ ಮರ್ಯಾದೆಯನ್ನು ಮತ್ತೆ ಹಳೆಯ ಜಾಗಕ್ಕೆ ತಂದಿಟ್ಟಂತೆ. ಪಾರ್ಕಿನಲ್ಲಿ ಟಿಕೆಟ್ ಕೊಂಡವನೇ ಯಜಮಾನ. ಅವನು ಯಾರಿಗೂ ತಲೆಬಾಗಬೇಕಿಲ್ಲ. ಸಂಪ್ರದಾಯ ಬದಲಾಗುತ್ತಲೇ ಬಂದಿದೆಯಲ್ಲ, ಕೋಲಕ್ಕೂ ವಿದ್ಯುದ್ದೀಪ, ಮೈಕು ಬಂದಿವೆಯಲ್ಲ ಎನ್ನುವವರಿಗೆ ಇಷ್ಟೇ ಹೇಳಬೇಕು: ಆ ಬದಲಾವಣೆ ಮಾಡಿಕೊಂಡವರು ಅದಕ್ಕೆ ದೈವದ ಮುಂದೆಯೇ ಉತ್ತರ ಹೇಳಬೇಕಾದವರು.

ತುಳುನಾಡಿನಿಂದ ಏನೂ ಹೊರಗೆ ಬರಬಾರದು ಎಂದು ಇದರ ಅರ್ಥವಲ್ಲ. 2023ರ ನವೆಂಬರ್ 25 ಮತ್ತು 26ರಂದು ಆರ್.ಟಿ. ನಗರಕ್ಕೆ ಕೂಗಳತೆಯಲ್ಲಿರುವ ಅರಮನೆ ಮೈದಾನದಲ್ಲಿ ಬೆಂಗಳೂರು ಕಂಬಳ ನಡೆಯಿತು. ಕರಾವಳಿಯಿಂದ ಕೋಣಗಳು ಲಾರಿಯಲ್ಲಿ ಬಂದವು, ಜೋಡುಕರೆ ಸಿದ್ಧವಾಯಿತು, ಕೆಸರುನೀರು ಚಿಮ್ಮಿತು, ಉತ್ತರ ಬೆಂಗಳೂರಿನ ಜನ ಮಕ್ಕಳೊಂದಿಗೆ ಹೋಗಿ ನೋಡಿದರು. ದೈವದ ಗದ್ದೆಯಲ್ಲಿ ಕಟ್ಟುಕಟ್ಟಳೆಯಂತೆ ನಡೆಯುವ ಕಂಬಳ ಊರಿನಲ್ಲೇ ಉಳಿಯಿತು. ಪಂದ್ಯದ ಕಂಬಳ ಪ್ರಯಾಣ ಮಾಡಿತು. ಯಾವುದು ಬರಬಹುದು, ಯಾವುದು ಬರಬಾರದು ಎಂಬ ವಿವೇಕ ಕಂಬಳದವರಿಗೆ ಇತ್ತು. ಕೆಜಿಎಫ್ ವಿಷಯದಲ್ಲೂ ಇದೇ ವಿವೇಕ ಬೇಕು. ನರಾಚಿ ಕಲ್ಪನೆಯ ಊರು, ಅದಕ್ಕೆ ರೈಡ್ ಕಟ್ಟಿದರೆ ತಕರಾರಿಲ್ಲ. ಆದರೆ 2001ರಲ್ಲಿ ಮುಚ್ಚಿದ ನಿಜವಾದ ಕೋಲಾರದ ಗಣಿಯಲ್ಲಿ ಬಂಡೆ ಸಿಡಿದು ಸತ್ತವರ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಅವರ ಒಪ್ಪಿಗೆಯಿಲ್ಲದೆ ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಹೆಸರನ್ನು ರೋಮಾಂಚನಕ್ಕೆ ಬಳಸಬಾರದು.

ಹಾಗಾಗಿ ಕಾಂತಾರದ ಅಭಿಮಾನಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಪಾರ್ಕ್ ಬೇಕೆಂದರೆ ಕೇಳಿ. ಅದರಲ್ಲಿ ಕಂಬಳದ ಕರೆ ಇರಲಿ, ಪಶ್ಚಿಮ ಘಟ್ಟದ ಕಾಡಿನ ದಾರಿ ಇರಲಿ, ಗುತ್ತುಮನೆಯ ಚಾವಡಿ ಇರಲಿ, ಕೋರಿರೊಟ್ಟಿಯ ಅಂಗಡಿ ಇರಲಿ. ಪಂಜುರ್ಲಿ, ಗುಳಿಗರನ್ನು ಮಾತ್ರ ನಕ್ಷೆಯಿಂದಲೇ ತೆಗೆದುಬಿಡಿ. ಅವರನ್ನು ನೋಡಬೇಕೆಂದರೆ ಪತ್ತನಾಜೆಗೆ ಮುಂಚೆ, ಕರೆದವರಿದ್ದರೆ, ಊರಿಗೇ ಹೋಗಿ.