ಅಂಗಳದ ಹಾಜರಿ ಪುಸ್ತಕ

ಮನೆಯಂಗಳದಲ್ಲಿ ಕಂಡ ಹಕ್ಕಿಗಳ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಹವ್ಯಾಸ ಕೆಲವರಿಗಿದೆ. ಖರ್ಚಿಲ್ಲದ, ಯಾರಿಗೂ ತೊಂದರೆ ಕೊಡದ ಹವ್ಯಾಸ. ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ನಾವೂ ಮೊದಲು ಹಾಗೆಯೇ ಅಂದುಕೊಂಡಿದ್ದೆವು.

ಆರಂಭದಲ್ಲಿ ಪೇರಳೆ ಮರದ ಪಿಕಳಾರ, ದಾಸವಾಳದ ಸೂರಕ್ಕಿ, ಬಾವಿಕಟ್ಟೆಯ ಮಡಿವಾಳ ಹಕ್ಕಿಗಳನ್ನು ಸಂಭ್ರಮದಿಂದ ಬರೆದೆವು. ಬಳಿಕ ಪಟ್ಟಿ ಉದ್ದವಾಗಬೇಕೆಂಬ ಆಸೆ ಹುಟ್ಟಿತು. ಒಂದು ಸಂಜೆ ಪೊದೆಯ ಬುಡದಲ್ಲಿ ಬಣ್ಣದ ಹಕ್ಕಿಯೊಂದು ಸುಳಿದು ಮರೆಯಾಯಿತು. ಸರಿಯಾಗಿ ಕಾಣಲಿಲ್ಲ. ಆದರೂ 'ನವರಂಗ' ಎಂದು ಬರೆದುಬಿಟ್ಟೆವು. ನೋಡಿದವರಿರಲಿಲ್ಲ, ಕೇಳುವವರೂ ಇರಲಿಲ್ಲ. ಮರುದಿನ ಪುಟ ತೆರೆದಾಗ ಉಳಿದ ಹೆಸರುಗಳ ಮೇಲೂ ನಮಗೇ ಅನುಮಾನ ಬಂತು. ಆ ಹೆಸರನ್ನು ಹೊಡೆದು ಹಾಕಿದೆವು.

ಆದರೆ ಇದಕ್ಕಿಂತ ದೊಡ್ಡ ತಪ್ಪೊಂದಿತ್ತು. ಅದು ಅರಿವಾಗಲು ವರ್ಷಗಳೇ ಬೇಕಾದವು. ನಮ್ಮ ಪಟ್ಟಿಯಲ್ಲಿ ಗುಬ್ಬಚ್ಚಿಯೇ ಇರಲಿಲ್ಲ! ದಿನಾ ಕಾಣುವುದನ್ನು ಬರೆಯುವುದೇಕೆ ಎಂದು ಬಿಟ್ಟಿದ್ದೆವು. ಹಂಚಿನ ಮಾಡು ಇಳಿಸಿ ತಾರಸಿ ಹಾಕಿಸಿದೆವು. ಒಂದು ದಿನ ಮನೆಯ ಮಗು, ಪುಸ್ತಕದ ಚಿತ್ರ ತೋರಿಸಿ ಗುಬ್ಬಚ್ಚಿ ಎಲ್ಲಿದೆ ಎಂದು ಕೇಳಿತು. ಅಂಗಳದಲ್ಲಿ ಒಂದೂ ಇರಲಿಲ್ಲ. ಅವು ಯಾವಾಗ ಹೋದವು? ಮಾಡು ಇಳಿಸುವ ಮೊದಲೇ, ನಂತರವೇ? ಅವುಗಳ ನೆಲೆ ಕಿತ್ತವರು ನಾವೇ ಇರಬಹುದು. ಹೌದೆನ್ನಲೂ ಅಲ್ಲವೆನ್ನಲೂ ನಮ್ಮ ಬಳಿ ಒಂದು ಸಾಲಿನ ಸಾಕ್ಷ್ಯವಿಲ್ಲ.

ಸಾಕ್ಷ್ಯದ ಬೆಲೆ ಸಣ್ಣದಲ್ಲ. 2020ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯ ಕುರಿತ ವರದಿಯೊಂದು ಪ್ರಕಟವಾಯಿತು. ಸುಮಾರು 15,500 ಹವ್ಯಾಸಿಗಳು ಬರೆದಿಟ್ಟ ಒಂದು ಕೋಟಿಗೂ ಹೆಚ್ಚು ದಾಖಲೆಗಳ ಆಧಾರದಲ್ಲಿ ಅದು 867 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿತ್ತು. ಗುಬ್ಬಚ್ಚಿ ದೇಶದಿಂದಲೇ ಮಾಯವಾಗುತ್ತಿದೆ ಎಂದು ನಾವೆಲ್ಲ ನಂಬಿದ್ದೆವು. ಒಟ್ಟು ದೇಶದಲ್ಲಿ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಕುಸಿದಿರುವುದು ದೊಡ್ಡ ನಗರಗಳಲ್ಲಿ ಎಂದು ಆ ವರದಿ ಹೇಳಿತು. ಅಪರೂಪದ ಹಕ್ಕಿಗಳನ್ನು ಮಾತ್ರ ಬರೆಯುವ ನಮ್ಮಂಥವರಿಂದ ಈ ಸತ್ಯ ಹೊರಬರುತ್ತಿರಲಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಭಾರತವೂ 2013ರಿಂದ ಸೇರಿಕೊಂಡಿದೆ. ಕನಿಷ್ಠ 15 ನಿಮಿಷ ನೋಡಿ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆಯಬೇಕು ಎಂಬುದು ಅಲ್ಲಿನ ಕ್ರಮ. ಎಲ್ಲವನ್ನೂ ಬರೆದಾಗ ಮಾತ್ರ ಬರೆಯದೆ ಉಳಿದದ್ದಕ್ಕೂ ಅರ್ಥ ಬರುತ್ತದೆ.

ಪಕ್ಷಿತಜ್ಞ ಸಲೀಂ ಅಲಿ ಹತ್ತು ವರ್ಷದ ಆಸುಪಾಸಿನ ಬಾಲಕನಾಗಿದ್ದಾಗ ಬರೆದ ಟಿಪ್ಪಣಿಯೊಂದು ಸುಮಾರು ಅರವತ್ತು ವರ್ಷಗಳ ಬಳಿಕ ಅಚ್ಚಾಯಿತು. ಅದು ಯಾವುದೋ ಅಪೂರ್ವ ಹಕ್ಕಿಯ ಬಗ್ಗೆಯಲ್ಲ, ಗೂಡು ಕಟ್ಟಿದ ಗುಬ್ಬಚ್ಚಿಯ ಬಗ್ಗೆ!

ಮನುಷ್ಯರ ವಿಷಯದಲ್ಲೂ ನಾವು ಹೀಗೆಯೇ ಅಲ್ಲವೇ? ದೂರದ ಅತಿಥಿ ಬಂದ ದಿನ ನೆನಪಿರುತ್ತದೆ. ದಿನಾ ಹಾಲು ತರುವವನು ಬಾರದೆ ಎಷ್ಟು ದಿನವಾಯಿತು, ಎದುರು ಮನೆಯ ಅಜ್ಜಿ ಜಗಲಿಯಲ್ಲಿ ಕೂರುವುದನ್ನು ನಿಲ್ಲಿಸಿದ್ದು ಯಾವಾಗ ಎಂದರೆ ತಡವರಿಸುತ್ತೇವೆ. ಸದಾ ಇರುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರಿಗೆ, ಅವರು ಇಲ್ಲವಾದದ್ದು ತಿಳಿಯುವುದಾದರೂ ಹೇಗೆ?

ಈಗ ನಮ್ಮ ನೋಟ್‌ಬುಕ್ಕಿನ ಪ್ರತಿದಿನದ ಪುಟ ಕಾಗೆಯಿಂದ ಆರಂಭವಾಗುತ್ತದೆ. ಗುಬ್ಬಚ್ಚಿಗೂ ಒಂದು ಸಾಲಿದೆ. ಅದರ ಮುಂದೆ ದಿನವೂ 'ಇಲ್ಲ' ಎಂದು ಬರೆಯುತ್ತೇವೆ. ಎಂದಾದರೂ ಅದನ್ನು ತಿದ್ದುವ ದಿನ ಬಂದರೆ, ಆ ದಿನಾಂಕವಾದರೂ ನಮಗೆ ತಪ್ಪದಿರಲಿ.